ಬರ್ಗರ್ ಕಾರ್ಟೂನ್ ತೋರಿಸಿದ್ದಾಯ್ತು, ನೋಟ್‌ಬುಕ್ ತಿದ್ದೋರು ಯಾರು?

2021ರ ಜುಲೈ. ಕೊರೊನಾ ಎರಡನೇ ಅಲೆ ಇಳಿದಿದ್ದರೂ ಎಂಟನೇ ಕ್ಲಾಸಿನ ಮಕ್ಕಳಿಗೆ ಶಾಲೆ ತೆರೆದಿರಲಿಲ್ಲ. ಹಳ್ಳಿಯ ಸರ್ಕಾರಿ ಶಾಲೆಯೊಂದರ ಮಕ್ಕಳಿಗೆ ನಾನು ಮೊಬೈಲ್‌ನಲ್ಲೇ ಇಂಗ್ಲಿಷ್ ಹೇಳಿಕೊಡ್ತಿದ್ದೆ. ಪ್ಯಾರಾಗ್ರಾಫ್ ಬರೆಯೋದು ಹೇಗೆ ಅಂತ ಒಂದು ಆನಿಮೇಷನ್ ವಿಡಿಯೊ ಹಾಕಿದೆ. ಅದರಲ್ಲಿ ಪ್ಯಾರಾಗ್ರಾಫ್ ಅಂದ್ರೆ ಬರ್ಗರ್: ಮೇಲಿನ ಬನ್ ಮೊದಲ ವಾಕ್ಯ, ನಡುವಿನ ಹೂರಣ ವಿವರ, ಕೆಳಗಿನ ಬನ್ ಮುಕ್ತಾಯ. ಎಷ್ಟೋ ದೇಶಗಳ ಇಂಗ್ಲಿಷ್ ಕ್ಲಾಸುಗಳಲ್ಲಿ ಸವೆದ ಉಪಾಯ. 'ಈಗ ನಿಮ್ಮೂರಿನ ಬಗ್ಗೆ ಐದು ವಾಕ್ಯ ಬರೀರಿ' ಅಂದೆ. ಒಬ್ಬ ಹುಡುಗಿ ಬರ್ಗರ್ ಬಿಡಿಸಿ, ಬಣ್ಣ ತುಂಬಿ ಫೋಟೊ ಕಳಿಸಿದಳು. ಅವಳು ಬರ್ಗರ್ ತಿಂದಿರಲಿಲ್ಲ, ಚಿತ್ರ ಮಾತ್ರ ಚೆನ್ನಾಗಿತ್ತು.

ಆನಿಮೇಷನ್ ದಂಡ ಅಂತ ನಾನು ಹೇಳ್ತಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತೆ: 'ನಾನು ಮಾವು ತಿಂದೆ'. ಇಂಗ್ಲಿಷ್‌ನಲ್ಲಿ ಅದು ನಡುವೆ ಬಂದು ಕೂರುತ್ತೆ: 'ಐ ಏಟ್ ಎ ಮ್ಯಾಂಗೊ'. 'ತಿಂದೆ' ಅನ್ನೋ ಪದ ಪರದೆ ಮೇಲೆ ಟಣ್ಣಂತ ಹಾರಿ ಜಾಗ ಬದಲಿಸೋದನ್ನ ನೋಡಿದ ಮಗುವಿಗೆ ವ್ಯಾಕರಣದ ಹತ್ತು ನಿಯಮ ಬೇಕಿಲ್ಲ. ಬೋರ್ಡ್ ಮೇಲೆ ನಾನು ಅದನ್ನ ಅಷ್ಟು ಸಲೀಸಾಗಿ ತೋರಿಸಲಾರೆ.

ಆದರೆ ಬರವಣಿಗೆ ನೋಡಿ ಕಲಿಯೋ ವಿದ್ಯೆ ಅಲ್ಲ. ಬರೆದು, ತಪ್ಪಿ, ಯಾರೋ ಓದಿ 'ಇಲ್ಲಿ ಏನು ಹೇಳೋಕೆ ಹೊರಟೆ?' ಅಂತ ಕೇಳಿದಾಗ ಬರೋದು. ವಿಡಿಯೊ ಆ ಪ್ರಶ್ನೆ ಕೇಳಲ್ಲ.

ಸರ್ಕಾರಗಳಿಗೆ ವಿಡಿಯೊ ಯಾಕೆ ಇಷ್ಟ ಅನ್ನೋದು ಇಲ್ಲೇ ಗೊತ್ತಾಗುತ್ತೆ. ಒಮ್ಮೆ ಮಾಡಿಸಿದರೆ ಲಕ್ಷ ಮಕ್ಕಳಿಗೆ ಹಂಚಬಹುದು. 2017ರಲ್ಲಿ ಶುರುವಾದ ದೀಕ್ಷಾ, ಪಠ್ಯಪುಸ್ತಕದ ಕ್ಯೂಆರ್ ಕೋಡ್, ಎಲ್ಲದರ ಲೆಕ್ಕಾಚಾರ ಅದೇ. ತಿದ್ದೋ ಮೇಷ್ಟ್ರಿಗೆ ಮಾತ್ರ ತಿಂಗಳು ತಿಂಗಳು ಸಂಬಳ ಕೊಡಬೇಕು. ಹಾಗಾಗಿ ಅಲ್ಲಿ ಗೌರವಧನದ ಅತಿಥಿ ಶಿಕ್ಷಕರು. ಇನ್ನು ಫೋನ್ ವಿಷಯ: 2021ರ ಅಸರ್ ವರದಿ ಪ್ರಕಾರ ದೇಶದ ಹಳ್ಳಿಗಳ ಶಾಲಾಮಕ್ಕಳಲ್ಲಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆ ಮಕ್ಕಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚಿನವರ ಕೈಗೆ ಅದು ಸಿಗ್ತಿರಲಿಲ್ಲ. ನನ್ನ ಕ್ಲಾಸಲ್ಲೂ ಅಷ್ಟೇ. ಅಪ್ಪ ಹೊಲದಿಂದ ಬಂದ ಮೇಲೆ, ರಾತ್ರಿ ಒಂಬತ್ತಕ್ಕೆ ಫೋಟೊಗಳು ಬರೋವು.

ಬರ್ಗರ್ ಹುಡುಗಿ ಮೂರನೇ ವಾರ ವಾಕ್ಯಗಳನ್ನೇ ಕಳಿಸಿದಳು. ಅದರಲ್ಲೊಂದು: 'ಲೇಕ್ ಈಸ್ ಫುಲ್, ವಿ ನಾಟ್ ಗೋ.' ನಾನು ಫೋನ್ ಮಾಡಿದೆ. ಕೆರೆ ತುಂಬಿದೆ, ಯಾಕೆ ಹೋಗಲ್ಲ ಅಂತ ಕೇಳಿದೆ. ಕಳೆದ ವರ್ಷ ಒಬ್ಬ ಹುಡುಗ ಜಾರಿಬಿದ್ದಿದ್ದ, ಅಮ್ಮ ಬಿಡಲ್ಲ ಅಂದಳು. ಅದನ್ನೂ ಬರಿ ಅಂದೆ. 'ನಾಟ್' ಹಿಂದೆ ಒಂದು 'ಡು' ಸೇರಿಸಿ, ಆ ಹುಡುಗನ ಸುದ್ದಿಯನ್ನ ಎರಡು ವಾಕ್ಯದಲ್ಲಿ ಬರೆಸೋಕೆ ಇಪ್ಪತ್ತು ನಿಮಿಷ ಹಿಡೀತು. ಆ ರಾತ್ರಿ ಇನ್ನೂ ಹನ್ನೊಂದು ಫೋಟೊ ಬಾಕಿ ಇದ್ದವು.