ಪಾಠ, ಪಾಠಾಂತರ ಮತ್ತು ಮೂಲಚಿತ್ರ

ಬೀದರ, ಭಾಲ್ಕಿ, ಔರಾದ ಪರಿಸರದ ಶಾಸನ-ಹಸ್ತಪ್ರತಿಗಳನ್ನು ಗಣಕಕ್ಕೆ ಅಳವಡಿಸುವಾಗ ಪಾಠವನ್ನೂ ಅದರ ಛಾಯಾಚಿತ್ರವನ್ನೂ ಒಂದೇ ಬಗೆಯಲ್ಲಿ ಕಾಪಿಡುವುದು ಸರಿಯಲ್ಲ. 2005ರಲ್ಲಿ ರೂಪುಗೊಂಡ ‘ಗಿಟ್’ ತಂತ್ರಾಂಶವು ಪಠ್ಯದ ಪ್ರತಿಯೊಂದು ತಿದ್ದುಪಡಿಯನ್ನೂ ಸಾಲುಸಾಲಾಗಿ ಹೋಲಿಸಿ ತೋರಿಸುತ್ತದೆ. ಪಾಠಾಂತರಗಳ ದಾಖಲೆಗೆ ಇದು ತಕ್ಕ ಸಾಧನ. ಛಾಯಾಚಿತ್ರಕ್ಕಾದರೋ ಸಾಲುಗಳಿಲ್ಲ, ಅಲ್ಪ ಬದಲಾವಣೆಗೂ ಬಹುಮಟ್ಟಿಗೆ ಇಡೀ ಕಡತವೇ ಮತ್ತೆ ಸೇರಿ ಭಂಡಾರವು ಹಿಗ್ಗುತ್ತದೆ. 2015ರಲ್ಲಿ ಬಂದ ‘ಗಿಟ್ ಎಲ್‌ಎಫ್‌ಎಸ್’ ವಿಸ್ತರಣೆಯು ಚಿತ್ರವನ್ನು ಬೇರೆಡೆ ಇರಿಸಿ, ಅದರ ಗುರುತು ಹಾಗೂ ಗಾತ್ರವನ್ನಷ್ಟೇ ಪಠ್ಯದೊಡನೆ ಉಳಿಸುತ್ತದೆ. ಆದರೆ ಚಿತ್ರವೇ ಕಳೆದುಹೋದರೆ ಆ ಗುರುತು ಆಕರವಿಲ್ಲದ ಅಡಿಟಿಪ್ಪಣಿಯಾಗುತ್ತದೆ. ಆದ್ದರಿಂದ ತಿದ್ದದ ಮೂಲಚಿತ್ರಗಳ ಒಂದು ಪ್ರತಿ ಬೀದರಿನಲ್ಲಿಯೂ ಇನ್ನೊಂದು ಭಾಲ್ಕಿಯಲ್ಲಿಯೂ ಇರತಕ್ಕದ್ದು. ಔರಾದ ತಾಲೂಕಿನ ಶಿಲೆಯೊಂದರ ಅಕ್ಷರಗಳು ಸವೆದುಹೋದ ಮೇಲೆ, ನಮ್ಮ ಓದನ್ನು ಪ್ರಶ್ನಿಸಬಯಸುವ ಮುಂದಿನ ವಿದ್ವಾಂಸನಿಗೆ ಆ ಚಿತ್ರವೊಂದೇ ಆಧಾರ.