ಸಿರಿವಂತರ ಮೋಟಾರಿಗೆ ಬೊಕ್ಕಸದ ಇನಾಮು



ಅಮೆರಿಕದಲ್ಲಿ ಒಂದು ಕಾನೂನಿತ್ತು. ಬ್ಯಾಟರಿಯ ಮೋಟಾರು ಗಾಡಿ ಕೊಂಡವನಿಗೆ ಅಲ್ಲಿಯ ಸರಕಾರವು ಆದಾಯ ತೆರಿಗೆಯಲ್ಲಿ 7,500 ಡಾಲರುಗಳವರೆಗೆ ಬಿಟ್ಟುಕೊಡುತ್ತಿತ್ತು. 2008ರಲ್ಲಿ ಹುಟ್ಟಿ, ಹಲವು ಸಲ ತಿದ್ದುಪಡಿಯಾಗಿ, 2025ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು. ಆ ದೇಶದ ಕಾರಿನ ಗೊಡವೆ ಹೋಟೆಲು, ಗಿರಣಿಗಳಲ್ಲಿ ದುಡಿಯುವ ನಮಗೇಕೆ ಎಂದು ಕೇಳುವಿರಿ. ಸ್ವಲ್ಪ ತಾಳ್ಮೆಯಿಂದ ಓದಿರಿ.

ಈ ರಿಯಾಯಿತಿ ಎಂದರೆ ಕೈಗೆ ಹಣ ಎಣಿಸುವುದಲ್ಲ. ಕಟ್ಟಬೇಕಾದ ತೆರಿಗೆಯಿಂದ ಅಷ್ಟನ್ನು ವಜಾ ಮಾಡುವುದು. ಕಟ್ಟಬೇಕಾದುದೇ ಕಡಿಮೆಯಿದ್ದರೆ ವಜಾ ಆಗುವುದೂ ಅಷ್ಟೇ. 2016ರಲ್ಲಿ ವರ್ಷಕ್ಕೆ 20,000 ಡಾಲರು ದುಡಿಯುವ ಅಲ್ಲಿಯ ಒಬ್ಬ ಒಂಟಿ ಹೋಟೆಲು ಕೆಲಸಗಾರನ ಆದಾಯ ತೆರಿಗೆ ಒಂದು ಸಾವಿರ ಡಾಲರನ್ನೂ ಮುಟ್ಟುತ್ತಿರಲಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಅವನು ಇಂಥ ಗಾಡಿ ಕೊಂಡನೆಂದೇ ಇಟ್ಟುಕೊಳ್ಳಿ. ಅವನಿಗೆ ದಕ್ಕುವುದು ಆ ಸಾವಿರದೊಳಗಿನ ಮೊತ್ತ ಮಾತ್ರ. ಉಳಿದುದನ್ನು ಮರುವರ್ಷಕ್ಕೆ ಒಯ್ಯುವಂತಿರಲಿಲ್ಲ. ಅವನ ಧಣಿಗೋ ಪೂರ್ತಿ ದಕ್ಕುತ್ತಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸೆವೆರಿನ್ ಬೊರೆನ್‌ಸ್ಟೈನ್ ಮತ್ತು ಲ್ಯೂಕಾಸ್ ಡೇವಿಸ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು: ಈ ಗಾಡಿಗಳ ರಿಯಾಯಿತಿಯಲ್ಲಿ ನೂರಕ್ಕೆ ಸುಮಾರು 90 ಪಾಲು, ಆದಾಯದಲ್ಲಿ ಮೇಲಿರುವ ಐದನೆಯ ಒಂದು ಭಾಗ ಜನರ ಮನೆಗೇ ಹೋಗಿತ್ತು.

ಗಾಡಿಯಾದರೂ ಎಂಥದು? ಪ್ಲಗ್-ಇನ್ ಹೈಬ್ರಿಡ್ ಎಂಬ ಜಾತಿಯಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ತಿನ ಮೋಟಾರೂ ಇದೆ. ಗೋಡೆಯ ಪ್ಲಗ್ಗಿಗೆ ಹಚ್ಚಿ ಬ್ಯಾಟರಿ ತುಂಬಿದರೆ ಕೆಲವು ಮೈಲು ಹೊಗೆಯಿಲ್ಲದೆ ಓಡುವುದು, ಆಮೇಲೆ ಪೆಟ್ರೋಲು. ವೋಲ್ವೋ ಕಂಪನಿಯ ಎಕ್ಸ್‌ಸಿ90 ಟಿ8 ಎಂಬ ಏಳು ಆಸನದ ದೊಡ್ಡ ಗಾಡಿ 2016ರಲ್ಲಿ 68,000 ಡಾಲರಿಗೂ ಮೇಲಿತ್ತು. ವಿದ್ಯುತ್ತಿನಿಂದ ಅದು ಓಡುತ್ತಿದ್ದುದು 20 ಕಿಲೋಮೀಟರಿನ ಆಸುಪಾಸು, ಅಂದರೆ ಚರ್ಚ್‌ಗೇಟಿನಿಂದ ಅಂಧೇರಿ! ಇಷ್ಟಕ್ಕೆ ಬೊಕ್ಕಸ ಬಿಟ್ಟುಕೊಟ್ಟದ್ದು 4,585 ಡಾಲರು. ಪ್ಲಗ್ಗಿಗೆ ಹಚ್ಚಿದರೋ ಇಲ್ಲವೋ ಎಂದು ಕೇಳುವವರಿಲ್ಲ. ಹೋಟೆಲಿನ ಬಾಗಿಲಲ್ಲಿ ನಿಂತು ಇಂಥವರ ಕಾರಿನ ಬಾಗಿಲು ತೆಗೆದ ನಮ್ಮವರನ್ನು ಕೇಳಿ, ತಮ್ಮ ಗಾಡಿಗೆ ತಾವೇ ತಂತಿ ಹಚ್ಚುವ ಸಾಹೇಬರು ಎಷ್ಟು ಮಂದಿ ಎಂದು. ಬ್ರಿಟನ್ನಿನಲ್ಲಂತೂ ಕಂಪನಿಗಳ ಕೆಲವು ಗಾಡಿಗಳ ಡಿಕ್ಕಿಯಲ್ಲಿ ತಂತಿಯ ಕಟ್ಟು ಬಿಚ್ಚದೆ ಹಾಗೆಯೇ ಬಿದ್ದಿತ್ತು. 2018ರಲ್ಲಿ ಅಲ್ಲಿಯ ಸರಕಾರ ಈ ಜಾತಿಗೆ ಸಹಾಯಧನ ನಿಲ್ಲಿಸಿತು. ರಸ್ತೆಯ ಮೇಲೆ ಇವು ಬಿಡುವ ಇಂಗಾಲದ ಹೊಗೆ ಕಂಪನಿಯ ಕಾಗದದಲ್ಲಿದ್ದುದರ ಸರಾಸರಿ ಮೂರೂವರೆ ಪಟ್ಟು ಎಂದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಮಾಡಿತು.

ಅಮೆರಿಕದವರು 2022ರಲ್ಲಿ ಕಾನೂನು ತಿದ್ದಿದರೆಂಬುದನ್ನು ನಾವು ಮುಚ್ಚಿಡುವುದಿಲ್ಲ. 80,000 ಡಾಲರಿಗೆ ಮೀರಿದ ದೊಡ್ಡ ಗಾಡಿಗೆ ಇಲ್ಲ, 3,00,000 ಡಾಲರಿಗೆ ಮೀರಿ ಗಳಿಸುವ ಗಂಡ ಹೆಂಡತಿಗೆ ಇಲ್ಲ, ಉತ್ತರ ಅಮೆರಿಕದಲ್ಲಿ ಜೋಡಿಸದ ಗಾಡಿಗೆ ಇಲ್ಲ ಎಂದರು. ಕೊನೆಯದು ಅಲ್ಲಿಯ ಕಾರ್ಖಾನೆ ಕೆಲಸಗಾರರಿಗೆ ಅನುಕೂಲವಾದ ಮಾತು, ನಮಗೆ ಒಪ್ಪಿಗೆಯೇ. 2024ರಿಂದ ಬಡವನ ಪಾಲನ್ನೂ ಅಂಗಡಿಯಲ್ಲೇ ಬೆಲೆಯಲ್ಲಿ ಕಳೆದು ಕೊಡುವ ಏರ್ಪಾಡಾಯಿತು. ಆದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟರು! ಗಾಡಿಯನ್ನು ಕೊಳ್ಳದೆ ಲೀಸಿಗೆ ಹಿಡಿದರೆ ರಿಯಾಯಿತಿ ಲೀಸು ಕೊಡುವ ಕಂಪನಿಗೆ ಸಿಗುತ್ತಿತ್ತು. ಅಲ್ಲಿ ಆದಾಯದ ಮಿತಿಯೂ ಇಲ್ಲ, ಬೆಲೆಯ ಮಿತಿಯೂ ಇಲ್ಲ.

ವಿದ್ಯುತ್ತಿನ ಗಾಡಿಗೆ ನಾವು ವಿರೋಧಿಗಳಲ್ಲ. ಹೊಗೆ ಮೊದಲು ಹೊಕ್ಕುವುದು ಚಾಳಿನ ಕೋಣೆಗೆ. ಸಾರ್ವಜನಿಕರ ಹಣ ಯಾರ ಗಾಡಿಗೆ ಹೋಗಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ಈಗ ನಮ್ಮ ಬೀದಿಗೆ ಬನ್ನಿ. ನಮ್ಮ ಕರ್ನಾಟಕ ಸರಕಾರ 2024ರಲ್ಲಿ 25 ಲಕ್ಷ ರೂಪಾಯಿಗೆ ಮೀರಿದ ವಿದ್ಯುತ್ ಕಾರಿಗೆ ನೂರಕ್ಕೆ 10ರಂತೆ ತೆರಿಗೆ ಹಾಕಿತು. ಧೈರ್ಯದ ಕೆಲಸ. ಮಹಾರಾಷ್ಟ್ರ ಸರಕಾರವೂ 2025ರ ಮಾರ್ಚಿನ ಮುಂಗಡಪತ್ರದಲ್ಲಿ 30 ಲಕ್ಷಕ್ಕೆ ಮೀರಿದವುಗಳಿಗೆ ನೂರಕ್ಕೆ 6 ಎಂದಿತು. ಅದೇ ತಿಂಗಳು ಹಿಂದೆಗೆದುಕೊಂಡಿತು. ಮೇ ತಿಂಗಳಲ್ಲಿ ಮುಂಬಯಿಯ ಬೆಸ್ಟ್ ಬಸ್ಸಿನ 5 ರೂಪಾಯಿ ಟಿಕೇಟು 10 ಆಯಿತು. ಎರಡರ ಖಾತೆ ಬೇರೆ ಬೇರೆ ಎಂದು ಬಲ್ಲವರು ಹೇಳುತ್ತಾರೆ, ಇರಬಹುದು. ದಿನಕ್ಕೆ ಎರಡು ಸಲ ಬಸ್ಸು ಹತ್ತುವ ನಮ್ಮವನಿಗೆ ತಿಂಗಳ 26 ದಿನಕ್ಕೆ 260 ರೂಪಾಯಿ ಹೆಚ್ಚಾಯಿತೆಂಬುದು ಒಂದೇ ಖಾತೆಯ ಲೆಕ್ಕ.

ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇವೆ. ಬರುವಾಗ ಒಂದು ವಾರದ ಬಸ್ ಟಿಕೇಟುಗಳನ್ನು ಎಸೆಯದೆ ತನ್ನಿರಿ. ರಾತ್ರಿ ಪಾಳಿಯವರದನ್ನು ಕೋಣೆಯ ಗೆಳೆಯರು ತಂದರೂ ಆದೀತು. ಅರ್ಜಿಗೆ ಪಿನ್ನು ಹಾಕಿ ಕಳಿಸುವೆವು.