ಹೊಗೆಯೂ ಬೆಂಕಿಯೂ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು ನಮ್ಮ ತಾರ್ಕಿಕರು ಶತಮಾನಗಳಿಂದ ಶಿಷ್ಯರ ಮುಂದಿಡುತ್ತ ಬಂದ ಉದಾಹರಣೆ. ಆ ಅನುಮಾನಕ್ಕೆ ಆಧಾರವಾದ ವ್ಯಾಪ್ತಿಯು, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುವುದೆಂಬ ನಿಯಮವು, ಎಲ್ಲಿ ಸಡಿಲವಾಗುವುದೋ, ಇಬ್ಬನಿಯನ್ನೇ ಹೊಗೆಯೆಂದು ಕಣ್ಣು ಎಲ್ಲಿ ಭ್ರಮಿಸುವುದೋ, ಅಲ್ಲಿ ನಿಶ್ಚಯವೂ ಕುಸಿಯುವುದು. ಅರ್ಬುದರೋಗದ (ಕ್ಯಾನ್ಸರಿನ) ಚಿಕಿತ್ಸೆಯಲ್ಲಿ ಬಯೋಮಾರ್ಕರುಗಳೆಂದು ಕರೆಯುವ ಜೈವಿಕ ಸೂಚಕಗಳು, ಎಂದರೆ ರಕ್ತದಲ್ಲಿಯೋ ಮೂತ್ರದಲ್ಲಿಯೋ ಗೆಡ್ಡೆಯ ಜೀವಕೋಶಗಳಲ್ಲಿಯೋ ಅಳೆಯಬಹುದಾದ ಚಿಹ್ನೆಗಳು, ಇಂಥ ಹೊಗೆಯ ಜಾತಿಗೇ ಸೇರಿದವು. ಅವುಗಳ ಬೆಲೆಯನ್ನು ಕಟ್ಟುವಾಗಲೂ ಇದೇ ವಿವೇಕ ನಮಗೆ ಬೇಕು.

ಸೂಚಕವೂ ಕಾರಣವೂ ಒಂದೇ ಆಗಿರುವ ಭಾಗ್ಯ ವಿರಳವಾಗಿ ಒದಗುವುದುಂಟು. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬ ಸಂಶೋಧಕರು ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಅಸಹಜವಾಗಿ ಕಿರಿದಾದ ವರ್ಣತಂತುವೊಂದನ್ನು ಕಂಡರು; 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರ ಪರಿಣಾಮವದೆಂದು 1973ರಲ್ಲಿ ಜಾನೆಟ್ ರೌಲಿಯವರು ತೋರಿಸಿಕೊಟ್ಟರು. ಆ ಬೆಸುಗೆಯಿಂದ ಹುಟ್ಟಿದ ಪ್ರೋಟೀನೇ ಬಿಳಿಯ ರಕ್ತಕಣಗಳನ್ನು ಅಂಕೆಯಿಲ್ಲದೆ ಹೆಚ್ಚಿಸುತ್ತಿತ್ತು. ಅದನ್ನು ತಡೆಯುವ ಇಮ್ಯಾಟಿನಿಬ್ ಗುಳಿಗೆಗೆ 2001ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆತಾಗ, ರೋಗವನ್ನು ಹೆಸರಿಸುವುದಕ್ಕೂ, ಮದ್ದನ್ನು ಆರಿಸುವುದಕ್ಕೂ, ಮದ್ದು ಫಲಿಸಿತೇ ಎಂದು ಅಳೆಯುವುದಕ್ಕೂ ಒಂದೇ ಸೂಚಕ ಸಾಕಾಯಿತು.

ಆದರೆ ಪ್ರಾಸ್ಟೇಟ್ ಗ್ರಂಥಿಯ ಪಿಎಸ್ಎ ಎಂಬ ಪ್ರೋಟೀನಿನ ಕಥೆ ಬೇರೆ. ಅದನ್ನು ಆರೋಗ್ಯವಂತ ಗ್ರಂಥಿಯೂ ಸ್ರವಿಸುತ್ತದೆ. ವಯಸ್ಸಾದಂತೆ ಗ್ರಂಥಿ ಊದಿಕೊಂಡರೂ, ಅದಕ್ಕೆ ಸೋಂಕು ತಗುಲಿದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾನ್ಸರ್ ನಿಜವಾಗಿಯೇ ಇದ್ದರೂ, ಅದು ರೋಗಿಯ ಆಯುಷ್ಯವಿರುವವರೆಗೆ ಕೇಡು ಮಾಡದೆ ಉಳಿಯುವ ಮಂದಗತಿಯ ಬೆಂಕಿಯಾಗಿರಬಹುದು. ಅದನ್ನು ಆರಿಸಹೊರಟ ಶಸ್ತ್ರಕ್ರಿಯೆಯಾದರೋ ಮೂತ್ರದ ಹಿಡಿತವನ್ನು ಕಸಿದುಕೊಳ್ಳಬಹುದು. ಹಾಗಿದ್ದೂ ಇದೇ ಪರೀಕ್ಷೆಯು, ಕ್ಯಾನ್ಸರಿಗಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದ ರೋಗಿಯಲ್ಲಿ, ಬಹುಮಟ್ಟಿಗೆ ಸೊನ್ನೆಗಿಳಿದ ಅಂಕಿ ಮತ್ತೆ ಏರತೊಡಗಿದರೆ, ರೋಗವು ಮರಳುತ್ತಿರುವುದಕ್ಕೆ ಪ್ರಬಲವಾದ ಪ್ರಮಾಣವಾಗುತ್ತದೆ. ಅಂಕಿಯು ಅದೇ, ಯಾರ ರಕ್ತದಲ್ಲಿ, ಯಾವ ಪ್ರಶ್ನೆಗಾಗಿ ಅದನ್ನು ಅಳೆದೆವೆಂಬುದರ ಮೇಲೆ ಅದರ ಅರ್ಥ ಬೇರೆಯಾಗುತ್ತದೆ.

ಆದುದರಿಂದ, ದೇಹದ ಸಮಗ್ರ ತಪಾಸಣೆಯೆಂಬ ಹೆಸರಿನಲ್ಲಿ, ಯಾವ ಲಕ್ಷಣವೂ ಇಲ್ಲದವರಿಗೆ ಅರ್ಬುದಸೂಚಕಗಳ ಪಟ್ಟಿಯನ್ನೇ ಮಾರುವ ಪದ್ಧತಿಯನ್ನು ನಾನು ಒಪ್ಪಲಾರೆ. ಬೇಗ ಕಂಡುಹಿಡಿದರೆ ಒಳಿತಲ್ಲವೇ ಎಂಬ ಆಕ್ಷೇಪ ಸಹಜವಾದುದೇ. ಆದರೆ ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಸ್ತ್ರೀಯರನ್ನು ಒಳಗೊಂಡು, ಸಿಎ 125 ಸೂಚಕದ ಅಳತೆಯಿಂದಲೂ ಸ್ಕ್ಯಾನಿಂಗಿನಿಂದಲೂ ಅಂಡಾಶಯದ ಕ್ಯಾನ್ಸರನ್ನು ಮುಂಚಿತವಾಗಿ ಹುಡುಕಿದ ದೀರ್ಘ ಪ್ರಯೋಗದ ಫಲ 2021ರಲ್ಲಿ ಪ್ರಕಟವಾದಾಗ, ಆ ರೋಗದ ಮರಣಗಳು ಕಡಮೆಯಾದುದು ಕಂಡುಬರಲಿಲ್ಲ. ಫಲಿತಾಂಶವು ತಿಳಿದ ಮೇಲೆ ನಾವು ಮಾಡುವ ಕೆಲಸವೇನಾದರೂ ಬದಲಾಗುವುದೇ, ಆ ಬದಲಾವಣೆಯಿಂದ ರೋಗಿಗೆ ಹಿತವಾಗುವುದೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಸ್ತನದ ಕ್ಯಾನ್ಸರಿನಲ್ಲಿ ಈ ಪ್ರಶ್ನೆಗೆ ಉಜ್ಜ್ವಲವಾದ ಉತ್ತರವಿದೆ. ಹರ್2 ಎಂಬ ಗ್ರಾಹಕ ಪ್ರೋಟೀನು ಮಿತಿಮೀರಿರುವ ಗೆಡ್ಡೆಗಳಿಗೆ ಟ್ರಾಸ್ಟುಜುಮ್ಯಾಬ್ ಔಷಧವು 1998ರಿಂದ ದೊರೆಯುತ್ತಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2014ರಲ್ಲಿ ಅದಕ್ಕೆ ಸದೃಶವಾದ ಔಷಧವನ್ನು ನಮ್ಮಲ್ಲಿಯೂ ಮಾರುಕಟ್ಟೆಗೆ ತಂದಿತು. ಬೇಡವೆಂದು ಹೇಳುವ ಸೂಚಕವೂ ಅಷ್ಟೇ ಉಪಕಾರಿ: ದೊಡ್ಡ ಕರುಳಿನ ಗೆಡ್ಡೆಯಲ್ಲಿ ಕೆರಾಸ್ ಜೀನ್ ವಿಕೃತವಾಗಿದ್ದರೆ ಸೆಟುಕ್ಸಿಮ್ಯಾಬ್ ಎಂಬ ಔಷಧವು ಸಾಮಾನ್ಯವಾಗಿ ಫಲಿಸದು, ಅದನ್ನು ಮೊದಲೇ ಅರಿತರೆ ಒಂದು ಬಡ ಸಂಸಾರವು ಹೊಲವನ್ನು ಮಾರಿ ನಿಷ್ಪ್ರಯೋಜಕವಾದ ಮದ್ದನ್ನು ಕೊಳ್ಳುವ ಸಂಕಟ ತಪ್ಪುವುದು.

ಇಷ್ಟೆಲ್ಲವೂ ಆಧರಿಸಿರುವುದು ಯಾರೂ ಕೊಂಡಾಡದ ಒಂದು ಕೆಲಸದ ಮೇಲೆ. ಕೊಯ್ದು ತೆಗೆದ ಗೆಡ್ಡೆಯನ್ನು ಒಂದು ಗಂಟೆಯೊಳಗಾಗಿ, ಅದು ಪೂರ್ತಿ ಮುಳುಗುವಷ್ಟು ಫಾರ್ಮಲಿನ್ನಿನಲ್ಲಿ ಇಡಬೇಕು. ಪುಟ್ಟ ಊರಿನ ಆಸ್ಪತ್ರೆಯಲ್ಲಿ ಅದು ಬರಿಯ ಸಲೈನಿನಲ್ಲಿ ಸಂಜೆಯವರೆಗೆ ಕುಳಿತರೆ, ಇದ್ದ ಗ್ರಾಹಕವೂ ಪರೀಕ್ಷೆಯಲ್ಲಿ ಇಲ್ಲವೆಂದು ಕಾಣಬಹುದು. ಆ ರೋಗಿಗೆ ಸಲ್ಲಬೇಕಾಗಿದ್ದ ಔಷಧವನ್ನು ಆಮೇಲೆ ಯಾರೂ ಬರೆದುಕೊಡುವುದಿಲ್ಲ.